ಉಳಿ ಮುಟ್ಟದ ಕಂಬಗಳು

ಸಮುದ್ರವನ್ನು ನಾನು ಮೊದಲು ಕಂಡದ್ದು ಕಳೆದ ಜನವರಿಯಲ್ಲಿ, ನಮ್ಮ ಕಾಲೇಜಿನ ಪ್ರವಾಸದ ದೆಸೆಯಿಂದ. ಬಯಲುಸೀಮೆಯವನಿಗೆ ಅದು ದೊಡ್ಡ ಸಂಗತಿಯೇ ಸರಿ. ಆದರೆ ಅಲೆಗಳ ವರ್ಣನೆಯನ್ನು ನನ್ನ ಮಿತ್ರರು ಈ ಸಂಚಿಕೆಯಲ್ಲಿ ಮಾಡಿಯೇ ಮಾಡುತ್ತಾರೆ. ನಾನು ಬರೆಯಹೊರಟಿರುವುದು ಕಲ್ಲಿನ ವಿಷಯ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಗಳಿಗೆ ಸುಮಾರು 6 ಕಿಲೋಮೀಟರು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಶಿಲುಬೆ ನೆಟ್ಟು, ಮೇರಿಯ ಹೆಸರಿಟ್ಟನೆಂದು ಪ್ರತೀತಿ. ಅವನಂತೆ ಹಾಯಿ ಬಿಚ್ಚಿ ಹೋಗಬೇಕೆಂಬ ಹಂಬಲವಿತ್ತು. ದೊರೆತದ್ದು ಡೀಸೆಲ್ ವಾಸನೆಯ ಯಂತ್ರದ ದೋಣಿ. ಇತಿಹಾಸದ ಅಧ್ಯಾಪಕರಿಗೆ ನಡುದಾರಿಯಲ್ಲೇ ತಲೆಸುತ್ತು ಬಂದು, ಗಾಮನ ಪ್ರಸಂಗ ಅಲ್ಲಿಗೇ ನಿಂತಿತು.

ಚಿಪ್ಪುಗಳು ಹಾಸಿದ ದಡದಲ್ಲಿಳಿದು ತೆಂಗಿನ ಮರಗಳನ್ನು ದಾಟಿದೆವು. ಎದುರಿಗೆ ಕಲ್ಲಿನ ಕಂಬಗಳು! ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಲವು ಆಳೆತ್ತರವನ್ನು ಮೀರಿವೆ. ಕೆಲವು ಮುರಿದು ಮೆಟ್ಟಿಲುಗಳಂತಾಗಿವೆ. ಐದು ಮೂಲೆಯವು, ಏಳು ಮೂಲೆಯವು ಉಂಟು. ಆರು ಮೂಲೆಯವೇ ಹೆಚ್ಚು.

"ಇವನ್ನು ಯಾರಾದರೂ ಕಡೆದು ನಿಲ್ಲಿಸಿರಬಹುದೆ?" ಎಂದು ಭೂಗೋಳದ ಅಧ್ಯಾಪಕರು ಕೇಳಿದರು. ಯಾರೂ ಮಾತಾಡಲಿಲ್ಲ. ನಾನು ಒಂದು ಕಂಬವನ್ನು ಅಂಗೈಯಿಂದ ಸವರಿ, "ಇಲ್ಲ ಸಾರ್. ಉಳಿಯ ಗುರುತಿಲ್ಲ, ಬೆಣೆ ಹೊಡೆದ ಗುಳಿಯಿಲ್ಲ. ಕಲ್ಲು ತಾನಾಗಿಯೇ ಬಿಟ್ಟುಕೊಂಡಿದೆ" ಎಂದೆ.

"ಭೇಷ್! ನಿನಗೆ ಹೇಗೆ ಗೊತ್ತು?"

"ಯಾವುದೋ ಪುಸ್ತಕದಲ್ಲಿ ಓದಿದ್ದೆ ಸಾರ್."

ಅದು ಸುಳ್ಳು. ನನ್ನ ತಂದೆ ಕಲ್ಲು ಒಡೆಯುವವರು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಬಂಡೆ ಎಲ್ಲಿ ಬಿಡುತ್ತದೆಂದು ಹೇಳಬಲ್ಲರು. ರಜೆಯ ದಿನಗಳಲ್ಲಿ ಅವರ ಜೊತೆ ಬೆಣೆ ಹಿಡಿದವನು ನಾನು. ಕಾಲೇಜಿನಲ್ಲಿ ಕೇಳಿದವರಿಗೆಲ್ಲ ಮೂರು ವರ್ಷವೂ 'ಕಂಟ್ರಾಕ್ಟ್ ಕೆಲಸ' ಎಂದು ಹೇಳಿಕೊಂಡು ಬಂದಿದ್ದೆ.

ಅಧ್ಯಾಪಕರು ವಿವರಿಸತೊಡಗಿದರು. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿಬಂದ ಶಿಲಾರಸವಂತೆ ಇದು. ದಖನ್ನಿನ ಕಪ್ಪು ಬಸಾಲ್ಟಿಗಿಂತ ಸುಮಾರು 2 ಕೋಟಿ ವರ್ಷ ಹಿರಿದು. ರಸ ತಣಿಯುತ್ತ ಕುಗ್ಗಿತು; ಕುಗ್ಗಿದ್ದು ಬೇಸಿಗೆಯ ಕೆರೆಯಂಗಳದಂತೆ ಬಿರಿಯಿತು; ಬಿರುಕು ಒಳಒಳಕ್ಕೆ ಇಳಿದು ಕಂಬಗಳಾದವು. ಎಲ್ಲವನ್ನೂ ಬರೆದುಕೊಂಡೆ. ತಲೆ ಎತ್ತಿ ಅವರ ಮುಖ ನೋಡಲು ಮಾತ್ರ ಆಗಲಿಲ್ಲ. ಹಿಂದಿರುಗುವಾಗ ದೋಣಿಯಲ್ಲಿ ಮಿತ್ರರೆಲ್ಲ ಹಾಡಿದರು. ನಾನು ನೀರು ನೋಡುತ್ತ ಕುಳಿತಿದ್ದೆ.

ಊರಿಗೆ ಹೋದಾಗ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಶಿಲಾರಸದ ಕಥೆಯನ್ನು ಹೇಗೆ ತಿಳಿಸುವುದೋ ಎಂದು ನಾನು ತಡವರಿಸುತ್ತಿರುವಾಗಲೇ, "ಬೆಂಕಿ ಕೆಲಸ ಅನ್ನು" ಎಂದರು. "ನಾವು ಬಂಡೆ ಮ್ಯಾಲೆ ಬೆಂಕಿ ಹಾಕಿ, ಕಾಯಿಸಿ ಚಪ್ಪಡಿ ಎಬ್ಬಿಸ್ತೀವಿ. ಇದು ಕಾದಿದ್ದು ತಣ್ಣಗಾಗಿ ಬಿಟ್ಟುಕೊಂಡೈತೆ. ಅಷ್ಟೇ ತಾನೆ ಮಗಾ?"

ಅಷ್ಟೇ ಎಂದೆ.

"ನಿಮ್ಮ ಮೇಷ್ಟ್ರಿಗೆ ಹೇಳಿದ್ಯಾ, ನಾವು ಬೆಂಕಿ ಹಾಕೋದು?"

ಇಲ್ಲ ಎಂದೆ. ಅವರು ಮತ್ತೇನೂ ಕೇಳದೆ ಮುಂದಿನ ಚಿತ್ರ ತೋರಿಸೆಂದರು.

ನಮ್ಮ ಭೂಗೋಳದ ಅಧ್ಯಾಪಕರು ಈ ಸಂಚಿಕೆಯನ್ನು ಓದುವರೆಂದು ಬಲ್ಲೆ. ಸಾರ್, ಅದು ಪುಸ್ತಕದಲ್ಲಿ ಓದಿದ್ದಲ್ಲ.