ಬಲಗಿವಿಗೆ ಬಂದ ಪಿಟೀಲು

ರಾಗಿಗುಡ್ಡ ಅಂದ ಕೂಡಲೇ ಬೆಂಗಳೂರಿನವರು ಜಯನಗರದ ಆಂಜನೇಯನಿಗೆ ಕೈಮುಗಿಯುತ್ತಾರೆ. ನಮ್ಮದು ಶಿವಮೊಗ್ಗದ ರಾಗಿಗುಡ್ಡ. ಇಲ್ಲಿಯ ಏರು ಹತ್ತುವಾಗ ನನ್ನ ಮಾರುತಿ 800 ತಾನೇ ದೇವರನ್ನು ನೆನೆಯುತ್ತದೆ. 796 ಸಿಸಿ, ಮೂರೇ ಸಿಲಿಂಡರು, 1998ರ ಮಾಡೆಲ್ಲು. ನಾಲ್ಕನೆಯ ಸಿಲಿಂಡರಿನ ಕೆಲಸವನ್ನು ಒಳಗೆ ಕೂತವರು ಮುಂದಕ್ಕೆ ಬಾಗಿ ಮಾಡಿಕೊಡಬೇಕು. ಕಂಪನಿಯವರು 2014ರಲ್ಲಿ ಈ ಕಾರು ಮಾಡುವುದನ್ನು ನಿಲ್ಲಿಸಿದರು. ನಾನು ಓಡಿಸುವುದನ್ನು ನಿಲ್ಲಿಸಿಲ್ಲ.

ಕಾರಿಗೆ ಸಂಗೀತವಂತೂ ಮೊದಲಿನಿಂದಲೂ ಇತ್ತು, ಹಿಂಬದಿಯಲ್ಲಿ. ಆಗಿನ ಪದ್ಧತಿಯೇ ಹಾಗೆ: ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಮೊಟ್ಟೆಯಾಕಾರದ ಎರಡು ಸಿಕ್ಸ್ ಬೈ ನೈನ್ ಸ್ಪೀಕರು, ಅವುಗಳ ನಡುವೆ ಒಂದು ಟಿಶ್ಯೂ ಡಬ್ಬಿ ಅಥವಾ ತಲೆಯಾಡಿಸುವ ನಾಯಿ. ಹಿಂದೆ ಕೂತ ಅಮ್ಮನಿಗೆ ತಲೆನೋವು. ಮುಂದೆ ಕೂತ ಅಪ್ಪನಿಗೆ ಏನೂ ಇಲ್ಲ. ಅಪ್ಪ ಎಡಗಿವಿಯನ್ನು ಹುಡುಗಾಟದ ವಯಸ್ಸಿನಲ್ಲೇ ತುಂಗೆಗೆ ಕೊಟ್ಟಿದ್ದರು. ತುಂಬಿದ ಹೊಳೆಗೆ ಎತ್ತರದಿಂದ ಧುಮುಕಿದ್ದು, ನೀರು ಹೊಕ್ಕಿದ್ದು, ಕಿವಿ ಸೋರಿದ್ದು, ಆಮೇಲೆ ಕೇಳದೇ ಹೋದದ್ದು. ಉಳಿದ ಒಂದು ಕಿವಿಯಲ್ಲೇ ಎಪ್ಪತ್ತಾರು ವರ್ಷ ತೂಗಿಸಿದ್ದರು. ಸ್ಟೀರಿಯೋ ಹಾಕಿದರೆ ಹಿಂದೆ ತಿರುಗಿ, “ಯಾರೋ ಏನೋ ಹೇಳ್ತಿದಾರೆ ನೋಡು” ಎನ್ನುತ್ತಿದ್ದರು. ಅಮ್ಮ, “ನಾನಲ್ಲ” ಎನ್ನುತ್ತಿದ್ದಳು.

2011ರ ಮಳೆಗಾಲದಲ್ಲಿ ಮುಂದಿನ ಬಾಗಿಲಿಗೂ ಸ್ಪೀಕರು ಹಾಕಿಸಿಯೇ ಬಿಡೋಣ ಎಂದು ಹೊರಟೆ. ಅಪ್ಪನಿಗಾಗಿ ಎಂದು ಮನೆಯಲ್ಲಿ ಹೇಳಿದೆ. ಅರ್ಧ ನಿಜ.

ಕೆಲಸದ ಹುಡುಗ ಬಾಗಿಲನ್ನು ಬೆರಳಲ್ಲಿ ತಟ್ಟಿ ನೋಡಿ, “ಇದಕ್ಕೆ ನಾಲ್ಕಿಂಚಿಂದು ಸಾಕು ಸಾರ್” ಅಂದ. ನಾನಾಗಲೇ ಆರೂವರೆ ಇಂಚಿನದು ಕೊಂಡು ತಂದಿದ್ದೆ. ಮದುಮಗಳ ಅಳತೆ ಕೇಳದೆ ಬಳೆ ತಂದವನ ಮುಖ ನನ್ನದು. ಹುಡುಗ ನಿಟ್ಟುಸಿರು ಬಿಟ್ಟು ಡೋರ್ ಪ್ಯಾಡಿನ ರಟ್ಟು ಕೊಯ್ದ. ಸ್ಪೀಕರಿನ ಹಿಂದಿನ ಅಯಸ್ಕಾಂತ ಇಳಿದು ಬರುವ ಗಾಜಿಗೆ ತಾಗುತ್ತಿತ್ತು. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿನ ಬಳೆ ಕತ್ತರಿಸಿ ಸ್ಪೀಕರನ್ನು ಹೊರಗೆ ತಂದ. ಆಗಲೂ ಎಡಬಾಗಿಲಿನ ಗಾಜು ಮುಕ್ಕಾಲು ಮಾತ್ರ ಇಳಿಯಿತು. ಬಾಗಿಲಿನ ತಗಡು ನಡುಗದಿರಲಿ ಎಂದು ಒಳಗೆ ಡಾಂಬರಿನ ಹಾಳೆ ಅಂಟಿಸಿದ. ಕಿಟಕಿಯ ಪಕ್ಕದ ಕಂಬಗಳಿಗೆ ಅಡಿಕೆಯಷ್ಟು ದಪ್ಪದ ಎರಡು ಟ್ವೀಟರು, ದಪ್ಪ ಸ್ವರ ಅವುಗಳ ಹತ್ತಿರ ಸುಳಿಯದ ಹಾಗೆ ತಡೆಯಲು ತಂತಿಯಲ್ಲೊಂದೊಂದು ಕೆಪಾಸಿಟರು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಅವನು ಮಾಡಿದ ಶೆಲ್ಲಿನ ಪರೀಕ್ಷೆ. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಶೆಲ್ಲನ್ನು ಸ್ಪೀಕರಿನ ತಂತಿಗೆ ಮುಟ್ಟಿಸುವುದು. ಒಳಗಿನ ಕಾಗದದ ಬಟ್ಟಲು ಮುಂದೆ ಉಬ್ಬಿದರೆ ಪ್ಲಸ್ಸು ಸರಿ, ಹಿಂದೆ ಸರಿದರೆ ತಂತಿ ತಿರುಗಿಸಬೇಕು. ಒಂದು ಉಬ್ಬುವಾಗ ಇನ್ನೊಂದು ತಗ್ಗಿದರೆ ಎರಡೂ ಸೇರಿ ದಪ್ಪ ಸ್ವರವನ್ನು ನುಂಗಿಹಾಕುತ್ತವೆ, ತಬಲಾ ತೆಂಗಿನ ಚಿಪ್ಪಾಗುತ್ತದೆ. ಅವನಿಗೆ ಮೀಟರು ಬೇಡ, ಪುಸ್ತಕ ಬೇಡ. ಟಿಕ್, ಟಿಕ್. “ಉಸಿರಾಡ್ತಿದೆ ಸಾರ್.”

ಮನೆಗೆ ಬಂದು ಅಪ್ಪನನ್ನು ಕೂರಿಸಿದೆ. ಅವರಿಗೆ ಮೊದಲು ಹಿಡಿಸಿದ್ದು ಬಾಗಿಲು. ಡಾಂಬರಿನ ಭಾರಕ್ಕೆ ‘ಠಪ್’ ಎನ್ನುತ್ತಿದ್ದದ್ದು ‘ಢಬ್’ ಎನ್ನತೊಡಗಿತ್ತು. ನಾಲ್ಕು ಸಲ ತೆಗೆದು ಹಾಕಿ, “ಅಂಬಾಸಿಡರ್ ಆಯ್ತಲ್ಲೋ” ಅಂದರು. ಆಮೇಲೆ ಅವರಿಗೆ ಪ್ರಿಯವಾದ ಒಂದು ಹಳೆಯ ಸಿನಿಮಾ ಹಾಡು ಹಾಕಿದೆ. ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಕಣ್ಣು ತೆರೆದು, “ಪಿಟೀಲು ಯಾಕೆ ತೆಗೆದ್ರು?” ಅಂದರು.

ಯಾರೂ ತೆಗೆದಿರಲಿಲ್ಲ. ಆ ಧ್ವನಿಮುದ್ರಣದಲ್ಲಿ ಪಿಟೀಲುಗಳ ಹಿಂಡು ಎಡಕ್ಕೆ, ಕೊಳಲು ಬಲಕ್ಕೆ. ಎಡದ ಟ್ವೀಟರು ಅಪ್ಪನ ಕಿವುಡು ಕಿವಿಯ ಹತ್ತಿರವೇ ಕೂತು ಪ್ರಾಣ ಬಿಟ್ಟು ಹಾಡುತ್ತಿತ್ತು. ದಪ್ಪ ಸ್ವರ ತಲೆಯನ್ನು ಬಳಸಿ ಆಚೆಯ ಕಿವಿಗೆ ಹೋಗುತ್ತದೆ. ಸಣ್ಣ ಸ್ವರಕ್ಕೆ ತಲೆಯೇ ಗೋಡೆ.

ಹುಡುಗನ ಹತ್ತಿರ ಮತ್ತೆ ಹೋದೆ. “ಎರಡೂ ಕಡೆಯ ತಂತಿ ಸೇರಿಸಿಬಿಡೋಣವೇ?” “ಸೆಟ್ಟು ಸುಟ್ಟು ಹೋಗ್ತದೆ ಸಾರ್.” ಬ್ಯಾಲೆನ್ಸ್ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಎಡದ ಪಿಟೀಲು ಇದ್ದಷ್ಟೂ ಮಾಯ. ಕೊನೆಗೆ ಸೆಟ್ಟಿನ ಹಿಂದೆ ತಂತಿಗಳನ್ನು ಅದಲುಬದಲು ಮಾಡಿಸಿದೆ: ಎಡದ ಸಂಗೀತ ನನ್ನ ಬಾಗಿಲಿಗೆ, ಬಲದ್ದು ಅಪ್ಪನ ಬಾಗಿಲಿಗೆ. ಅಪ್ಪ ಅದೇ ಹಾಡನ್ನು ಮತ್ತೆ ಕೇಳಿದರು. “ಪಿಟೀಲು ಬಂತು” ಅಂದರು. ಸ್ವಲ್ಪ ತಡೆದು, ನನಗೆ ಬೇಜಾರಾಗಬಾರದು ಅನ್ನುವ ದನಿಯಲ್ಲಿ, “ಕೊಳಲೂ ಇತ್ತು ಅನ್ಸತ್ತೆ, ಮೊದಲು.”

ಮುಂದಿನ ವಾರ ಭದ್ರಾವತಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಮಲವಗೊಪ್ಪ ದಾಟುವಾಗ ಅಪ್ಪ ತಾವೇ ಕೈಚಾಚಿ ಸೆಟ್ಟಿನ ಗುಂಡಿಗಳನ್ನೆಲ್ಲ ಒತ್ತಿ, ಹೇಗೋ ಮೀಡಿಯಂ ವೇವಿಗೆ ಹೋಗಿ 675ರಲ್ಲಿ ನಿಲ್ಲಿಸಿದರು. ಆಕಾಶವಾಣಿ ಭದ್ರಾವತಿ. 1965ರಲ್ಲಿ ಶುರುವಾದಾಗಿನಿಂದ ನಮ್ಮ ಮನೆಯ ಗಡಿಯಾರ ಅದೇ. ಆಕ್ಸಿಲರೇಟರ್ ಒತ್ತಿದಂತೆಲ್ಲ ಇಂಜಿನ್ನಿನ ಕಿಡಿ ಟರ್ರ್ ಎಂದು ಅದರೊಳಗೆ ಬಾಯಿ ಹಾಕುತ್ತಿತ್ತು. ಆ ಗರಗರದ ನಡುವೆ ಅಡಿಕೆ ಧಾರಣೆ ಬರುತ್ತಿತ್ತು: ಸರಕು, ಬೆಟ್ಟೆ, ರಾಶಿ, ಗೊರಬಲು. ನಮಗೆ ಒಂದು ಅಡಿಕೆ ಮರವೂ ಇಲ್ಲ. ಅಪ್ಪ ಮಾತ್ರ ತೋಟದ ಯಜಮಾನರಂತೆ ಪ್ರತಿ ಬೆಲೆಗೂ ತಲೆದೂಗಿದರು. ನಾನೇನೋ ಹೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆದರು.

“ಇದು ನೋಡು, ಪೂರ್ತಿ ಕೇಳ್ತದೆ.”

ಕೇಳದೇ ಏನು? ಮೀಡಿಯಂ ವೇವಿಗೆ ಎಡ ಇಲ್ಲ, ಬಲ ಇಲ್ಲ. ಎರಡು ಬಾಗಿಲಿಂದಲೂ ಒಂದೇ ದನಿ. ಅಷ್ಟು ವರ್ಷ ಅಡುಗೆಮನೆಯ ಗೂಡಿನ ರೇಡಿಯೋದಿಂದ ಒಂದೇ ಕಿವಿಯ ಅಪ್ಪ ಕೇಳಿದ್ದು ಇಡೀ ಹಾಡನ್ನು. ಪಿಟೀಲು, ಕೊಳಲು ಎಲ್ಲ ಸೇರಿಸಿ. ಪಾಲು ಮಾಡಿದವನು ನಾನು. ಮೀಡಿಯಂ ವೇವಿನ ದನಿ ಐದು ಸಾವಿರ ಹರ್ಟ್ಸಿನ ಆಚೀಚೆಗೆ ಮುಗಿದು ಹೋಗುವುದರಿಂದ ಟ್ವೀಟರುಗಳಿಗೆ ಹೆಚ್ಚೇನೂ ಕೆಲಸವಿರಲಿಲ್ಲ. ಸಂಬಳ ಎಣಿಸಿಕೊಂಡು ಸುಮ್ಮನೆ ಕೂತಿದ್ದವು. ನಿದಿಗೆ ಬಂತು, ಮಾಚೇನಹಳ್ಳಿ ಬಂತು. ಅಪ್ಪ ಮುಕ್ಕಾಲು ಇಳಿದ ಗಾಜಿನ ಅಂಚಿಗೆ ಮೊಣಕೈ ಊರಿ, “ಇದೂ ಅನುಕೂಲವೇ ಆಯ್ತು” ಅಂದರು.

ಅಪ್ಪ ಹೋಗಿ ಆರು ವರ್ಷವಾಯಿತು. ಹೋದ ತಿಂಗಳು ಸೆಟ್ಟಿನ ಫ್ಯೂಸು ಹಾಕಿಸಲು ಹೋದಾಗ ಹುಡುಗ (ಈಗ ಅವನ ಕೈಕೆಳಗೇ ಇಬ್ಬರು ಹುಡುಗರು) ಹಿಂದೆ ಕೈಹಾಕಿ, “ಸಾರ್, ಲೆಫ್ಟು ರೈಟು ಇನ್ನೂ ಉಲ್ಟಾನೇ ಇದೆ, ಹತ್ತು ನಿಮಿಷದ ಕೆಲಸ, ಸರಿ ಮಾಡ್ಲಾ?” ಅಂದ. ಪಿಟೀಲು ನನ್ನ ಬಾಗಿಲಿಂದ ಬರುತ್ತಿತ್ತು. ಕೊಳಲು ಖಾಲಿ ಸೀಟಿನ ಆಚೆಯಿಂದ.

ಇರಲಿ ಬಿಡು, ಅಂದೆ.