ಅಪ್ಪನ ತಿರುಗಾಟ

ಬೆಂಗಳೂರಿನಲ್ಲಿರುವ ಗೆಳೆಯ ಮೊನ್ನೆ ಫೋನು ಮಾಡಿದಾಗ ತನ್ನ ಆಫೀಸಿನ ಹುಡುಗನೊಬ್ಬನ ಸುದ್ದಿ ಹೇಳಿದ. ಅವನು ವರ್ಷವಿಡೀ ದಿನಕ್ಕೊಂದು ಹೊಸ ಬಾರಿಗೆ ಹೋಗುವ ಪಣ ತೊಟ್ಟಿದ್ದಾನಂತೆ. ಬಾರಿನ ಫೋಟೋ, ಕುಡಿದದ್ದರ ಹೆಸರು, ಬಿಲ್ಲಿನ ಮೊತ್ತ ಎಲ್ಲವನ್ನೂ ಬರೆದಿಡುತ್ತಾನಂತೆ. ‘ಇಲ್ಲಿ ಹತ್ತು ವರ್ಷ ತಿರುಗಿದರೂ ಮುಗಿಯುವುದಿಲ್ಲ ಬಿಡು’ ಎಂದು ನಕ್ಕ. ನಾನೂ ನಕ್ಕೆ. ‘ನಾನೂ ಒಂದು ವರ್ಷ ತಿರುಗಿದ್ದೇನೆ ಮಾರಾಯ, ಭಟ್ಕಳದಿಂದ ಕುಮಟಾದವರೆಗೆ’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ಕುಡಿಯುವುದಿಲ್ಲ ಎಂಬುದು ಅವನಿಗೆ ಗೊತ್ತು. ಹೇಳಿದರೆ ಪೂರ್ತಿ ಹೇಳಬೇಕಾಗುತ್ತಿತ್ತು.

ಪೂರ್ತಿ ಹೇಳುವುದಾದರೆ ಸುಪ್ರೀಂ ಕೋರ್ಟಿನಿಂದ ಶುರು ಮಾಡಬೇಕು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರುವಂತಿಲ್ಲ ಎಂದು 2016ರ ಡಿಸೆಂಬರ್ 15ರಂದು ಅದು ಆದೇಶ ಮಾಡಿತು. ಸಣ್ಣ ಊರುಗಳಿಗೆ ಈ ದೂರವನ್ನು ಆಮೇಲೆ 220 ಮೀಟರಿಗೆ ಇಳಿಸಿತು. ನಮ್ಮಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಹಾಗಾಗಿ ಬಿಸಿ ತಟ್ಟಿದ್ದು 2017ರ ಜುಲೈ 1ರಂದು. ಹತ್ತು ವರ್ಷಗಳ ಹಿಂದೆ, 2007ರಲ್ಲಿ, ರಾಜ್ಯದಲ್ಲಿ ಸಾರಾಯಿ ನಿಂತದ್ದೂ ಜುಲೈ 1ರಂದೇ. ಜಿಎಸ್‌ಟಿ ಬಂದದ್ದೂ ಅದೇ ದಿನ. ‘ಎಲ್ಲಾ ಒಂದೇ ಮುಹೂರ್ತಕ್ಕೆ ಇಟ್ಕಂಡಾರೆ’ ಎಂದು ಅಪ್ಪ ಅಂದಿದ್ದ.

ನಮ್ಮ ಕರಾವಳಿಯನ್ನು ನೋಡಿದವರಿಗೆ ಈ ಆದೇಶದ ತಮಾಷೆ ಅರ್ಥವಾದೀತು. ಇಲ್ಲಿ ಊರೆಂದರೆ ಹೆದ್ದಾರಿ. ಮೊದಲು 17 ಎನ್ನುತ್ತಿದ್ದ, ಈಗ 66 ಎನ್ನುವ ಈ ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ರೈಲುಹಳಿ ಮತ್ತು ಗುಡ್ಡ. ಟೇಪು ಹಿಡಿದು ಐನೂರು ಮೀಟರ್ ಅಳೆಯುತ್ತ ಹೋದರೆ ಕೆಲವು ಕಡೆ ದೋಣಿ ಬೇಕಾಗುತ್ತದೆ. ಹೊನ್ನಾವರ ಮತ್ತು ಭಟ್ಕಳದ ನಡುವೆ ಇರುವ ನಮ್ಮೂರಿನ ಬಾರು ಹೆದ್ದಾರಿಗೆ ಮುಖ ಮಾಡಿಕೊಂಡೇ ಇತ್ತು. ಅಪ್ಪ ದಿನಾ ಸಂಜೆ ಏಳಕ್ಕೆ ಅಲ್ಲಿಗೆ ಹೋಗಿ ಒಂಬತ್ತಕ್ಕೆ ಬರುತ್ತಿದ್ದ. ಆಯಿ ಬಯ್ಯುತ್ತಿದ್ದಳು, ಆದರೆ ಅವಳಿಗೆ ಅವನೆಲ್ಲಿದ್ದಾನೆಂಬುದು ಗೊತ್ತಿರುತ್ತಿತ್ತು. ಆ ಬಾರಿನ ಬಾಗಿಲು ಮುಚ್ಚಿದ ಮೂರನೆಯ ದಿನ ರಾತ್ರಿ ಹತ್ತಾದರೂ ಅಪ್ಪ ಮನೆಗೆ ಬರಲಿಲ್ಲ. ಹೊರಗೆ ಆಷಾಢದ ಮಳೆ. ‘ತಮಾ, ಸ್ವಲ್ಪ ನೋಡಿ ಬಾ’ ಎಂದಳು ಆಯಿ. ಆ ‘ಸ್ವಲ್ಪ’ ಒಂದು ವರ್ಷ ನಡೆಯಿತು.

ಅಪ್ಪ ಟೆಂಪೋ ಡ್ರೈವರ್. ಇಪ್ಪತ್ತೆಂಟು ವರ್ಷ ಭಟ್ಕಳ–ಹೊನ್ನಾವರ, ಹೊನ್ನಾವರ–ಕುಮಟಾ ಓಡಿಸಿದವನು. ಹೊನ್ನಾವರದಿಂದ ಭಟ್ಕಳ 40 ಕಿಲೋಮೀಟರ್ ಆದರೆ ಕುಮಟಾ 20. ಬೆಳಿಗ್ಗೆ ಮೀನಿನ ಬುಟ್ಟಿಯ ಹೆಂಗಸರು, ಹತ್ತು ಗಂಟೆಗೆ ಕಾಲೇಜು ಮಕ್ಕಳು, ಮಧ್ಯಾಹ್ನ ಆಸ್ಪತ್ರೆಗೆ ಹೊರಟವರು, ಎಲ್ಲರನ್ನೂ ಕೈ ಮಾಡಿದಲ್ಲೇ ಹತ್ತಿಸಿಕೊಂಡು ಹೇಳಿದಲ್ಲೇ ಇಳಿಸುತ್ತಿದ್ದ. ಸ್ಟೇರಿಂಗ್ ಹಿಡಿದಷ್ಟು ವರ್ಷ ಒಂದು ಹನಿ ಮುಟ್ಟಿದವನಲ್ಲ. ಕಣ್ಣಿಗೆ ಪೊರೆ ಬಂತು, ಆಪರೇಷನ್ ಆಯಿತು, ರಾತ್ರಿ ಎದುರು ಬರುವ ಲೈಟು ತಡೆಯುವುದಿಲ್ಲ ಎಂದು ಕೆಲಸ ಬಿಟ್ಟ. ಕುಡಿಯಲು ಶುರು ಮಾಡಿದ್ದು ಆಮೇಲೆ.

ಬಸ್ಸು ನಿಂತರೂ ಟೆಂಪೋ ನಿಲ್ಲದ ಊರಿದು. ಯಾವ ಟೆಂಪೋ ಆದರೂ ಅಪ್ಪನಿಗೆ ಅದರಲ್ಲಿ ಟಿಕೆಟ್ಟಿಲ್ಲ, ಡ್ರೈವರನ ಪಕ್ಕದ ಸೀಟು ಕಾಯಂ. ಊರಿನ ಬಾರು ಮುಚ್ಚಿದ ಮೇಲೆ ಸಂಜೆ ಆರೂವರೆಗೆ ಅಂಗಿ ಬದಲಿಸಿ ರಸ್ತೆಗೆ ಹೋಗಿ ನಿಲ್ಲುತ್ತಿದ್ದ. ತೆಂಕಿಗೆ ಹೋಗುವ ಗಾಡಿ ಮೊದಲು ಬಂದರೆ ಮುರ್ಡೇಶ್ವರ, ಶಿರಾಲಿ. ಬಡಗಿಗೆ ಹೋಗುವುದು ಬಂದರೆ ಹೊನ್ನಾವರ, ಕರ್ಕಿ, ಹಳದೀಪುರ, ಕುಮಟಾ. ಇವತ್ತು ಹೋದಲ್ಲಿಗೆ ನಾಳೆ ಹೋಗುತ್ತಿರಲಿಲ್ಲ. ಎಂತಕ್ಕೆ ಹೀಗೆ ಎಂದು ಒಮ್ಮೆ ಬೈಕಿನಲ್ಲಿ ಕೇಳಿದೆ.

‘ದಿನಾ ಒಂದೇ ಕಡೆ ಕೂತ್ರೆ ಕುಡುಕ ಅಂತಾರೆ’ ಎಂದ. ‘ಅಪ್ಪರೂಪಕ್ಕೆ ಬಂದವನಿಗೆ ಯಾರೂ ಹಾಂಗೆ ಹೇಳುದಿಲ್ಲ.’

ಲೆಕ್ಕ ಸರಿಯೇ ಇತ್ತು. ತಿಂಗಳಿಗೊಮ್ಮೆ ಒಂದು ಬಾರಿಗೆ ಹೋದರೆ ಆ ಬಾರಿನ ಪಾಲಿಗೆ ಅವನು ತಿಂಗಳಿಗೊಮ್ಮೆ ಕುಡಿಯುವ ಸಭ್ಯಸ್ಥ. ಅಂಥ ಮೂವತ್ತು ಬಾರುಗಳಿದ್ದರೆ ಆಯಿತು. ಅದಕ್ಕವನು ‘ತಿರುಗಾಟ’ ಎಂದು ಹೆಸರಿಟ್ಟಿದ್ದ. ಯಕ್ಷಗಾನ ಮೇಳದವರು ದಿನಕ್ಕೊಂದು ಊರಿನಲ್ಲಿ ಆಟ ಆಡುತ್ತ ಹೋಗುವುದಕ್ಕೆ ನಮ್ಮಲ್ಲಿ ಹೇಳುವ ಮಾತದು.

ಮೇಳದ ಡೇರೆ ಎಲ್ಲಿ ಬೀಳುತ್ತದೆಂದು ಪೇಪರಿನಲ್ಲಿ ಬರುತ್ತದೆ. ಅಪ್ಪನದು ಎಲ್ಲಿಯೂ ಬರುತ್ತಿರಲಿಲ್ಲ. ಎಂಟೂವರೆಗೆ ನಾನು ಸ್ಟ್ಯಾಂಡಿನ ಡ್ರೈವರುಗಳಿಗೆ ಫೋನು ಮಾಡುತ್ತಿದ್ದೆ. ‘ಕರ್ಕಿಯಲ್ಲಿ ಇಳಿದ್ರು’, ‘ನಿನ್ನ ಅಪ್ಪಂದು ಇವತ್ತು ಶಿರಾಲಿ’ ಎಂದು ಅವರು ಕ್ರಿಕೆಟ್ ಸ್ಕೋರಿನಂತೆ ಹೇಳುತ್ತಿದ್ದರು. ಆಮೇಲಿನದು ನನ್ನ ಕೆಲಸ. ಹೆದ್ದಾರಿ ಬಿಟ್ಟು ಒಳಸರಿದ ಬಾರುಗಳಿಗೆ ಬೋರ್ಡು ಸಹ ನೆಟ್ಟಗಿರಲಿಲ್ಲ. ಅಡಿಕೆ ತೋಟದ ಬದಿಯ ಹಳೇ ಮನೆ, ಮುಚ್ಚಿದ ಹೆಂಚಿನ ಗೋದಾಮು, ಒಂದು ಕಡೆಯಂತೂ ಮದುವೆ ಪಾತ್ರೆ ಬಾಡಿಗೆಗೆ ಕೊಡುವವರ ಹಿಂದಿನ ಕೋಣೆ. ಕತ್ತಲೆಯಲ್ಲಿ ಸಾಲಾಗಿ ಬೈಕುಗಳು ನಿಂತಿದ್ದರೆ ಅಲ್ಲೇ ಎಂದು ಅರ್ಥ. ಕಾನೂನಿನ ಭಾಷೆಯೂ ಸ್ವಲ್ಪ ಕಲಿತೆ. ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-7 ಲಾಡ್ಜಿದ್ದವರಿಗೆ. ಸಿಎಲ್-9 ಬಾರು. ಅಪ್ಪ ಸಿಎಲ್-9ರ ಮನುಷ್ಯ. ಕೂರಬೇಕು, ಸಪ್ಲಾಯರ್ ಬಂದು ‘ಏನ್ ಕೊಡ್ಲಿ’ ಎಂದು ಕೇಳಬೇಕು, ತಟ್ಟೆಯಲ್ಲಿ ನಾಲ್ಕು ಶೇಂಗಾ, ಒಂದು ಉಪ್ಪಿನಕಾಯಿ ಬರಬೇಕು. ಆಗಸ್ಟಿನಲ್ಲಿ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದ ಮೇಲೆ ತಾರ್ಲೆ ಫ್ರೈಯೂ ಬರುತ್ತಿತ್ತು.

ನನ್ನ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬಾರುಗಳ ಪಟ್ಟಿ ಬೆಳೆಯಿತು. ನಾನು ಆಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಸಂಬಳ ನಾಲ್ಕು ತಿಂಗಳಿಗೊಮ್ಮೆ ಬಂದರೆ ಬಂತು. ಅತಿಥಿ ಎಂಬ ಶಬ್ದಕ್ಕೆ ಬಾರಿನಲ್ಲಿದ್ದಷ್ಟು ಬೆಲೆ ಕಾಲೇಜಿನಲ್ಲಿ ಇರಲಿಲ್ಲ. ಸೆಪ್ಟೆಂಬರಿನ ಒಂದು ರಾತ್ರಿ ಕುಮಟಾದ ಹತ್ತಿರದ ಬಾರಿನಲ್ಲಿ ಅಪ್ಪನ ಮೇಜಿನ ಬಳಿ ನಿಂತಿದ್ದ ಸಪ್ಲಾಯರ್ ತಿರುಗಿದ. ನನ್ನ ಬಿ.ಕಾಂ. ಎರಡನೇ ವರ್ಷದ ಹುಡುಗ. ಕೈಯಲ್ಲಿ ಟ್ರೇ. ಇಬ್ಬರಿಗೂ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

‘ಸರ್, ಅಜ್ಜಂದು ಮುಗೀತು. ಎರಡು ನೈಂಟಿ ಆದ್ಮೇಲೆ ನಾನು ಕೊಡೂದಿಲ್ಲ’ ಎಂದ. ಆಮೇಲೆ ಸಣ್ಣ ದನಿಯಲ್ಲಿ, ‘ನಿಮ್ಮ ಅಪ್ಪ ಅಂತ ಗೊತ್ತಿರಲಿಲ್ಲ ಸರ್’ ಎಂದು ಸೇರಿಸಿದ.

ಮರುದಿನ ಹಾಜರಿ ಕರೆಯುವಾಗ ಅವನ ನಂಬರಿಗೆ ಬಂದಾಗ ತಲೆ ಎತ್ತಲಿಲ್ಲ. ‘ಯೆಸ್ ಸರ್’ ಎಂದದ್ದು ಕೇಳಿತು. ಮೊದಲ ಅವಧಿಗೆ ಅವನು ಯಾವಾಗಲೂ ಏಕೆ ತೂಕಡಿಸುತ್ತಾನೆಂದು ನಾನು ಎರಡು ಸಲ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ್ದೆ.

ಅಕ್ಟೋಬರ್ 3ರಂದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡರು. ಮರುದಿನ ಸಂಜೆ ಅಪ್ಪ ಸಿಕ್ಕಿದ್ದು ಹೊನ್ನಾವರದ ಒಳಗಿನ ಒಂದು ಬಾರಿನಲ್ಲಿ. ಬಾಗಿಲ ಬಳಿಯೇ ನಿಂತೆ. ಟಿವಿ ಬಂದ್ ಮಾಡಿದ್ದರು. ಅಪ್ಪ ನಡುವೆ ನಿಂತು ಹೇಳುತ್ತಿದ್ದ. ಯಾವುದೋ ಆಟ ಮುಗಿದ ಬೆಳಗಿನ ಜಾವ ಅವನ ಟೆಂಪೋ ಹತ್ತಿದ ಮೇಳದವರು, ಮುಖದ ಬಣ್ಣ ಪೂರ್ತಿ ಹೋಗಿರದ ಕಲಾವಿದರು, ಹಿಂದಿನ ಸೀಟಿನಲ್ಲಿ ಚೆಂಡೆ. ಆಮೇಲೆ ಭಸ್ಮಾಸುರನ ಮಾತು ಬಂತು. ಹೇಳಿ ಸಾಕಾಗದೆ ಅಪ್ಪ ಮಾಡಿ ತೋರಿಸಲು ಹೊರಟ. ಎಡಗೈ ಸೊಂಟಕ್ಕೆ ಇಟ್ಟುಕೊಂಡ, ಕಣ್ಣರಳಿಸಿದ. ಮೋಹಿನಿಯ ಜೊತೆ ಕುಣಿಯುತ್ತ ಕುಣಿಯುತ್ತ ಬಲಗೈ ತನ್ನದೇ ತಲೆಯ ಕಡೆಗೆ ಏರುವ ಜಾಗ. ಕೈ ಅರ್ಧದವರೆಗೆ ಹೋಗಿ ನಿಂತಿತು. ಯಾರೂ ನಗಲಿಲ್ಲ. ಗಲ್ಲಾದ ಮೇಲಿದ್ದವರು ಎದ್ದು ನಿಂತಿದ್ದರು. ಅಪ್ಪ ನನ್ನನ್ನು ನೋಡಿ ಕೈ ಇಳಿಸಿ, ‘ಮಗ ಬಂದ’ ಎಂದು ಎಲ್ಲರಿಗೂ ಹೇಳಿದ. ಅವನು ಹಾಗೆ ನಿಲ್ಲಬಲ್ಲ ಎಂಬುದು ನನಗೆ ಮೂವತ್ತು ವರ್ಷದಲ್ಲಿ ಗೊತ್ತಿರಲಿಲ್ಲ. ಮನೆಯಲ್ಲಿ ಅವನು ಮಾತಾಡುವುದೇ ಕಡಿಮೆ.

ಡಿಸೆಂಬರಿನ ಮೊದಲಿಗೆ ಒಖಿ ಚಂಡಮಾರುತ ಬಂದು ಕಡಲು ಕೆಟ್ಟಿತು, ಬೆನ್ನಿಗೇ ಊರುಗಳೂ ಕೆಟ್ಟವು. ಹೊನ್ನಾವರ, ಕುಮಟಾಗಳಲ್ಲಿ ಗಲಭೆ, ನಿಷೇಧಾಜ್ಞೆ. ಟೆಂಪೋಗಳಿಲ್ಲ, ಅಂಗಡಿಗಳಿಲ್ಲ. ಅಪ್ಪ ಮನೆಯಲ್ಲೇ ಕೂತ. ಅಂಗಿ ಮಾತ್ರ ಆರೂವರೆಗೆ ಬದಲಿಸಿದ.

ಫೆಬ್ರವರಿಯ ಆ ರಾತ್ರಿಯ ಬಗ್ಗೆ ಬರೆಯಲು ಇಷ್ಟವಿಲ್ಲ, ಆದರೆ ಬಿಟ್ಟರೆ ಇದು ಸುಳ್ಳಾಗುತ್ತದೆ. ಅಂದು ಕಾಲೇಜಿನಲ್ಲಿ ಮುಂದಿನ ವರ್ಷ ನಾನು ಬೇಕಾಗಲಿಕ್ಕಿಲ್ಲ ಎಂಬ ಮಾತು ಬಂದಿತ್ತು. ಹೊನ್ನಾವರದ ಆಚೆ, ಶರಾವತಿ ಸೇತುವೆ ದಾಟಿ, ನಾಲ್ಕನೆಯ ಬಾರಿನಲ್ಲಿ ಅಪ್ಪ ಸಿಕ್ಕಿದ. ನಾಲ್ಕು ಜನರ ನಡುವೆ ಏನೋ ಹೇಳಿ ನಗಿಸುತ್ತಿದ್ದ. ನಾನು ಹೋದವನೇ ಅಂಗಿಯ ಕಾಲರು ಹಿಡಿದು ಎಬ್ಬಿಸಿದೆ. ‘ನಾಚಿಕೆ ಆಗುದಿಲ್ವಾ’ ಎಂದೂ ಅಂದೆ, ಇನ್ನೂ ಏನೇನೋ ಅಂದೆ. ಗ್ಲಾಸು ಉರುಳಿತು. ಯಾರೂ ನಡುವೆ ಬರಲಿಲ್ಲ. ಅಪ್ಪ ಕಾಲರು ಸರಿ ಮಾಡಿಕೊಂಡ. ಬಿಲ್ಲು ಕೊಟ್ಟ. ಸಪ್ಲಾಯರಿಗೆ ಹತ್ತು ರೂಪಾಯಿ ಇಟ್ಟ. ಮೇಜಿನವರಿಗೆ ಒಬ್ಬೊಬ್ಬರಿಗೂ ‘ಬರ್ತೆ’ ಎಂದ. ಹೊರಗೆ ಬಂದು ಬೈಕು ಹತ್ತಿ ನನ್ನ ಹೆಗಲ ಮೇಲೆ ಯಾವತ್ತಿನಂತೆ ಕೈಯಿಟ್ಟ. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಬಲಕ್ಕೆ ದೂರದಲ್ಲಿ ಅಳಿವೆ, ದೋಣಿಗಳ ದೀಪ.

‘ಆ ಬಾರಿಗೆ ಇನ್ನು ನಾನು ಹೋಗು ಹಾಂಗಿಲ್ಲ’ ಎಂದ ಅಷ್ಟೇ.

ನನ್ನ ಪಟ್ಟಿಯಲ್ಲಿ ಆಗ ಮೂವತ್ತೇಳು ಇದ್ದವು. ಒಂದಕ್ಕೆ ಗೀಟು ಹಾಕಿದೆ. ಆಮೇಲೆ ನಾನು ಬಾರಿನ ಒಳಗೆ ಹೋಗುವುದನ್ನು ಬಿಟ್ಟೆ. ಹೊರಗೆ ನಿಂತು ಎರಡು ಸಲ ಹಾರ್ನ್ ಮಾಡುತ್ತಿದ್ದೆ, ಟೆಂಪೋದವರು ಪ್ಯಾಸೆಂಜರನ್ನು ಕರೆಯುವ ಹಾಗೆ. ಅವನು ತನ್ನ ಹೊತ್ತಿಗೆ ಬರುತ್ತಿದ್ದ.

ಮೇ 12ಕ್ಕೆ ವಿಧಾನಸಭೆ ಚುನಾವಣೆ. ಮತದಾನಕ್ಕೆ 48 ಗಂಟೆ ಮೊದಲೇ ಎಲ್ಲ ಬಂದ್. ಎರಡನೆಯ ದಿನ ಅಪ್ಪನ ಕೈಯಲ್ಲಿ ಚಹಾ ಲೋಟ ನಿಲ್ಲಲಿಲ್ಲ. ಆಯಿ ಸೆರಗಿನಿಂದ ನೆಲ ಒರೆಸಿದಳು, ಏನೂ ಹೇಳಲಿಲ್ಲ. ಓಟು ಹಾಕಿ ಬಂದವನ ಬೆರಳಿನ ಶಾಯಿಯೂ ನಡುಗುತ್ತಿತ್ತು. ತಿಂಗಳಿಗೊಮ್ಮೆ ಕುಡಿಯುವ ಸಭ್ಯಸ್ಥನಲ್ಲ ಎಂಬುದು ಅವನಿಗೂ ಅವತ್ತೇ ಗೊತ್ತಾಯಿತೋ ಏನೋ.

ಜೂನಿನಲ್ಲಿ ಒಂದು ರಾತ್ರಿ ಡ್ರೈವರೊಬ್ಬರು ಭಟ್ಕಳ ಎಂದರು. ಭಟ್ಕಳ ಪೇಟೆಯೊಳಗೆ ಅಪ್ಪ ಇಳಿದದ್ದು ನನಗೆ ನೆನಪಿರಲಿಲ್ಲ. ಹೋಗಿ ನೋಡಿದರೆ ರಂಜಾನ್ ಬಜಾರು. ಬಟ್ಟೆ, ಬಳೆ, ಚಪ್ಪಲಿ, ಹೆಜ್ಜೆ ಇಡಲು ಜಾಗವಿಲ್ಲ. ಅಪ್ಪ ಒಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ಸುಲೈಮಾನಿ ಕುಡಿಯುತ್ತಿದ್ದ. ಅಂಗಡಿಯವರು ಅವನ ಟೆಂಪೋದ ಹಳೇ ಪ್ಯಾಸೆಂಜರ್. ನನಗೂ ಒಂದು ಲೋಟ ಬಂತು. ಆಯಿಗೆ ಒಂದು ಜೊತೆ ಚಪ್ಪಲಿ ತೆಗೆದುಕೊಂಡೆವು. ಇನ್ನು ಮುಂದೆ ಹೀಗೇ ಆಗುತ್ತದೆ ಎಂದು ಬೈಕಿನಲ್ಲಿ ನಾನು ಅಂದುಕೊಂಡೆ. ಮರುದಿನ ಅವನು ಹಳದೀಪುರದ ಬಾರಿನಲ್ಲಿದ್ದ.

ಅಷ್ಟರಲ್ಲಿ ಕೋರ್ಟು ತನ್ನ ಆದೇಶವನ್ನು ಸಡಿಲಿಸಿತ್ತು. ಪಟ್ಟಣದ ಮಿತಿಯೊಳಗೆ 2017ರಲ್ಲೇ ವಿನಾಯಿತಿ ಸಿಕ್ಕಿತು, 2018ರ ಫೆಬ್ರವರಿಯಲ್ಲಿ ಪಂಚಾಯತಿ ಊರುಗಳ ವಿಷಯವನ್ನೂ ರಾಜ್ಯಗಳಿಗೆ ಬಿಟ್ಟಿತು. ನಮ್ಮೂರಿನ ಬಾರು ಮಾತ್ರ ತೆರೆಯಲಿಲ್ಲ. ಚತುಷ್ಪಥಕ್ಕೆಂದು ರಸ್ತೆ ಅಗಲ ಮಾಡುವಾಗ ಆ ಕಟ್ಟಡವೇ ಹೋಗಿತ್ತು.

ಅಪ್ಪನ ತಿರುಗಾಟ ನಿಂತದ್ದು ಕೋರ್ಟಿನಿಂದಲೂ ಅಲ್ಲ, ನನ್ನಿಂದಲೂ ಅಲ್ಲ. ಸಕ್ಕರೆ ಕಾಯಿಲೆಗೆ ಬಲಗಾಲಿನ ಎರಡು ಬೆರಳು ತೆಗೆದರು. ಟೆಂಪೋದ ಎತ್ತರದ ಮೆಟ್ಟಿಲು ಹತ್ತಲಾಗುವುದಿಲ್ಲ. ಡಾಕ್ಟರು ಪೂರ್ತಿ ಬಿಡಬೇಕು ಎಂದರು, ಬಿಡಿಸುವ ಕಡೆಗೂ ಕಳಿಸಿದರು. ಹೋಗಿ ಬಂದ, ಎರಡು ತಿಂಗಳು ಬಿಟ್ಟ. ಮೂರನೆಯ ತಿಂಗಳು ನಸುಕಿನಲ್ಲಿ ಕೋಲು ಹಿಡಿದು ಹೆದ್ದಾರಿ ದಾಟಲು ಹೊರಟವನನ್ನು ಮೀನಿನ ಹೆಂಗಸರು ಮನೆಗೆ ಕರೆತಂದರು. ಅಂದು ಆಯಿಯೇ ಹೇಳಿದಳು: ‘ರಸ್ತೆಯಲ್ಲಿ ಸಾಯುದು ಬ್ಯಾಡ. ಒಂದು ನೈಂಟಿ ನೀನೇ ತಂದುಕೊಡು.’ ಇದು ಸರಿಯೋ ತಪ್ಪೋ ಎಂದು ಡಾಕ್ಟರನ್ನು ನಾನು ಕೇಳಿಲ್ಲ.

ಈಗ ಸಂಜೆ ಆರೂವರೆಗೆ ಅವನು ಅಂಗಿ ಬದಲಿಸಿ ಜಗಲಿಯಲ್ಲಿ ಕೂರುತ್ತಾನೆ. ಹಾರ್ನ್ ಕೇಳಿದರೆ ಯಾರ ಗಾಡಿ ಎಂದು ಹೇಳುತ್ತಾನೆ. ನಾನು ಕೆಲಸ ಮುಗಿಸಿ ಬರುವಾಗ ಒಂದು ದಿನ ಎಂ.ಎಸ್.ಐ.ಎಲ್. ಮಳಿಗೆಯಿಂದ ತರುತ್ತೇನೆ. ನಾನು ಶಾಲೆಗೆ ಹೋಗುವಾಗ ನೋಟ್‌ಬುಕ್ಕು ಮಾಡಿ ಕೊಡುತ್ತಿದ್ದ ಅದೇ ಎಂ.ಎಸ್.ಐ.ಎಲ್. ಮರುದಿನ ಪೇಟೆಯ ವೈನ್‌ಶಾಪು, ಅದರ ಮರುದಿನ ಇನ್ನೂ ನಾಲ್ಕು ಕಿಲೋಮೀಟರ್ ಆಚೆ ಹೋಗುತ್ತೇನೆ. ದಿನಾ ಒಂದೇ ಅಂಗಡಿಗೆ ಹೋದರೆ ಅಲ್ಲಿಯವರು ಏನಂದುಕೊಂಡಾರು.