ದಿಗಂತದ ಕೆಳಗೆ

ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ. ಪ್ರಾಥಮಿಕ ಶಾಲೆಯಲ್ಲಿ ಇಷ್ಟನ್ನು ಬರೆಯದವರು ನಮ್ಮಲ್ಲಿ ಯಾರಿದ್ದಾರೆ? ಆ ಚಿತ್ರದಲ್ಲಿ ಎಲ್ಲವೂ ಉಂಟು, ಮನುಷ್ಯನೊಬ್ಬನಿಲ್ಲ. ಇದ್ದರೂ, ಜಾಗ ಉಳಿದ ಕಡೆ ಬಂದು ನಿಲ್ಲುವ ಅತಿಥಿ ಅವನು. ಎರಡು ವರ್ಷ ಪ್ಯಾಸ್ಟೆಲ್ ಕಡ್ಡಿಗಳ ಸಹವಾಸ ಮಾಡಿದ ಮೇಲೆ, ಹೊಲವನ್ನು ಬರೆಯುವುದಕ್ಕಿಂತ ಹೊಲದಲ್ಲಿರುವವರನ್ನು ಬರೆಯುವುದೇ ನಿಜವಾದ ವಿದ್ಯೆಯೆಂದು ನನಗೆ ತೋರಿದೆ.

ಪ್ಯಾಸ್ಟೆಲ್ ಎಂದೊಡನೆ ಮಕ್ಕಳು ಉಜ್ಜುವ ಎಣ್ಣೆಯಂಶದ ಕಡ್ಡಿಯನ್ನು ನೆನೆಯಬೇಡಿ. ನಾನು ಹೇಳುತ್ತಿರುವುದು ಮೆದುವಾದ ಬಗೆಯದು. ಬಣ್ಣದ ಪುಡಿಗೆ ತುಸುವೇ ಅಂಟು ಬೆರೆಸಿ ಕಟ್ಟಿದ ಕಡ್ಡಿ. ನೋಡುವುದಕ್ಕೆ ಸೀಮೆಸುಣ್ಣದ ದಾಯಾದಿ. ಇದಕ್ಕೆ ನೀರು ಬೇಡ, ಕುಂಚ ಬೇಡ, ಒಣಗಲೆಂದು ಕಾಯಬೇಕಾಗಿಯೂ ಇಲ್ಲ. ಕಾಗದ ಮಾತ್ರ ತರಿತರಿಯಾಗಿರಬೇಕು. ನುಣುಪಾದುದರ ಮೇಲೆ ಪುಡಿ ನಿಲ್ಲದು. ಜಲವರ್ಣದಲ್ಲಿ ಬೆಳಕಿಗಾಗಿ ಕಾಗದದ ಬಿಳುಪನ್ನು ಮೊದಲಿನಿಂದಲೇ ಕಾಯ್ದುಕೊಳ್ಳಬೇಕು. ಇಲ್ಲಿ ಸಾಮಾನ್ಯವಾಗಿ ಕತ್ತಲೆ ಮೊದಲು, ಬೆಳಕು ಕೊನೆಗೆ. ನಾನು ಕಂದು ಕಾಗದದ ಮೇಲೆ ಬರೆಯುತ್ತೇನೆ. ನಮ್ಮ ಕಡೆಯ ಕೆಮ್ಮಣ್ಣಿನ ಅರ್ಧ ಕೆಲಸವನ್ನು ಕಾಗದವೇ ಮಾಡಿಬಿಡುತ್ತದೆ. ಬೆರಳಿನಿಂದ ತೀಡುವ ಆಸೆಯನ್ನು ಹಿಡಿತದಲ್ಲಿಡಬೇಕು. ಅತಿಯಾಗಿ ತೀಡಿದರೆ ಬಣ್ಣ ಮಂಕಾಗುತ್ತದೆ.

ಇನ್ನು ಮನುಷ್ಯರ ವಿಚಾರ. ಸಮತಟ್ಟಾದ ಬಯಲಿನಲ್ಲಿ ನಿಂತು ನೋಡಿದರೆ ದಿಗಂತದ ಗೆರೆ ನಮ್ಮ ಕಣ್ಣಿನ ಮಟ್ಟದಲ್ಲೇ ಕಾಣುತ್ತದೆ. ನಮ್ಮಷ್ಟೇ ಎತ್ತರದವರು ಹತ್ತು ಮಾರು ದೂರದಲ್ಲಿರಲಿ, ನೂರು ಮಾರು ದೂರದಲ್ಲಿರಲಿ, ನಿಂತಿದ್ದರೆ ಅವರ ಕಣ್ಣೂ ಅದೇ ಗೆರೆಯ ಮೇಲೆ ಬರುತ್ತದೆ. ಆದರೆ ರಾಗಿ ಕೊಯ್ಯುವವರು ನಿಂತಿರುವುದಿಲ್ಲ. ಬಗ್ಗಿದ ಬೆನ್ನು ದಿಗಂತದ ಕೆಳಗೇ ಉಳಿಯುತ್ತದೆ. ಅವರ ಹಿಂದೆ ಆಕಾಶವಿಲ್ಲ. ಮಣ್ಣು, ಪೈರು, ಅಷ್ಟೆ. ಆದುದರಿಂದ ಮಣ್ಣಿಗೆ ಹಿಡಿದ ಕಡ್ಡಿಯನ್ನೇ ಸೀರೆಯ ನೆರಿಗೆಗೂ ಮೊಣಕೈಯ ಕೆಳಗಿನ ನೆರಳಿಗೂ ಒಂದಿಷ್ಟು ತಾಕಿಸಬೇಕು. ಆಗ ಆಕೆ ಹೊಲದ ಮೇಲೆ ಅಂಟಿಸಿದ ಬೊಂಬೆಯಾಗದೆ ಹೊಲದವಳೇ ಆಗುತ್ತಾಳೆ.

ಫ್ರಾನ್ಸ್ ದೇಶದ ಮಿಲೆ ಎಂಬ ಚಿತ್ರಕಾರ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. 1814ರಲ್ಲಿ ನಾರ್ಮಂಡಿಯ ರೈತರ ಮನೆಯಲ್ಲಿ ಹುಟ್ಟಿದ ಆತ 1849ರಲ್ಲಿ ಬಾರ್ಬಿಜಾನ್ ಎಂಬ ಹಳ್ಳಿಯಲ್ಲಿ ನೆಲೆಸಿದ; 1860ರ ದಶಕದಲ್ಲಿ ಹಳ್ಳಿಯ ದುಡಿಮೆಯನ್ನು ಕುರಿತು ಅನೇಕ ಪ್ಯಾಸ್ಟೆಲ್ ಚಿತ್ರಗಳನ್ನು ಬರೆದ. ಅದಕ್ಕೂ ಮುಂಚೆ, 1857ರಲ್ಲಿ, ಆತ ತೈಲವರ್ಣದಲ್ಲಿ ಬರೆದ ಹಕ್ಕಲು ಆಯುವ ಹೆಂಗಸರ ಚಿತ್ರವನ್ನು ಅಚ್ಚಿನಲ್ಲಾದರೂ ನೋಡಬೇಕು. ಪೂರ್ತಿ ಬಗ್ಗಿದ ಇಬ್ಬರು ದಿಗಂತದ ಕೆಳಗೇ ಇದ್ದಾರೆ. ಮುಖಗಳು ಸರಿಯಾಗಿ ಕಾಣವು. ಆದರೂ ಅವರ ದಣಿವು ನಮಗೆ ತಿಳಿಯುತ್ತದೆ.

ಹೋದ ಸುಗ್ಗಿಯಲ್ಲಿ ನಮ್ಮ ಸೋದರತ್ತೆ ಕೊಯ್ಲಿನಲ್ಲಿದ್ದಾಗ ಬದುವಿನ ಮೇಲೆ ಕುಳಿತು ಒಂದು ಚಿತ್ರ ಬರೆದೆ. ಆಕೆಯ ಆಕೃತಿ ಹೆಬ್ಬೆರಳಿನಷ್ಟು ಎತ್ತರ; ಏಳೆಂಟು ಗೆರೆಗಳಿದ್ದಾವು. ಊಟದ ಹೊತ್ತಿಗೆ ಬಂದು ನೋಡಿದರು.

“ಮೂಗಿಲ್ಲ, ಬಾಯಿಲ್ಲ. ಆದ್ರೂ ಇದು ನಾನೇ ಕಣ್ ಮಗಾ. ಈ ಸೊಂಟ ನಂದೇಯ,” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟೊಂದು ಬಗ್ಗೋಗಿದೀನಾ?” ಎಂದು ಕೇಳಿದರು.

ನಾನು ಉತ್ತರ ಹೇಳಲಿಲ್ಲ. ಅವರು ಕುಡುಗೋಲು ತೆಗೆದುಕೊಂಡು ಮತ್ತೆ ಸಾಲಿಗೆ ಹೋದರು.

ಈಗ ಕೆಲವು ಕಡೆ ರಾಗಿ ಕೊಯ್ಲಿಗೂ ಯಂತ್ರ ಬರುತ್ತಿದೆ. ಬರಲಿ, ಒಳ್ಳೆಯದೇ. ದೂರದಿಂದ ನೋಡುವವನಿಗೆ ಬಗ್ಗಿದ ಬೆನ್ನು ಚೆಂದ. ಬಗ್ಗಿದವರಿಗೆ ಅದು ರಾತ್ರಿಯ ನಿದ್ದೆಗೆಡಿಸುವ ನೋವು. ಆದರೆ ನಮ್ಮಲ್ಲಿ ಅನೇಕರ ಶುಲ್ಕ, ಪುಸ್ತಕ, ಬಸ್ಸಿನ ಕಾಸು ಬಂದುದು ಆ ಬೆನ್ನಿನಿಂದ. ಪ್ಯಾಸ್ಟೆಲ್ ಪುಡಿ ಕೈ ತಾಕಿದರೆ ಅಳಿಸಿಹೋಗುವಂಥದು. ಗಾಜು ಹಾಕಿ ಕಾಪಾಡಬೇಕು. ಯಂತ್ರ ಬಂದು ಆ ಬೆನ್ನುಗಳು ನೆಟ್ಟಗಾಗುವ ಮುಂಚೆ, ಅವರವರ ಊರಿನ ಒಬ್ಬೊಬ್ಬರನ್ನಾದರೂ ಹಾಗೆ ಕಾಪಿಟ್ಟರೆ ನಮ್ಮ ಕಲಿಕೆ ಸಾರ್ಥಕ.